ಸಿಂಹಗಡದ ಕಲ್ಲೂ ನಮ್ಮ ಕಾಲೂ

ಪುಣೆಯಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಸಿಂಹಗಡದ ದಾರಿ ಹೇಳಿಕೊಡುವುದೆಂದರೆ ಅಜ್ಜಿಗೆ ಕೆಮ್ಮು ಕಲಿಸಿದ ಹಾಗೆ. ಆದರೂ ಬೇರೆ ಊರುಗಳಲ್ಲಿ ಈ ಸಂಚಿಕೆ ಓದುವ ಕನ್ನಡದ ಮಕ್ಕಳಿಗಾಗಿ ಎರಡು ಮಾತು ಹೇಳಿಬಿಡುತ್ತೇನೆ. ಊರಿನಿಂದ ನೈಋತ್ಯಕ್ಕೆ ಸುಮಾರು 30 ಕಿಲೋಮೀಟರ್ ಹೋದರೆ ಈ ಗುಡ್ಡ ಸಿಗುತ್ತದೆ. ಸಮುದ್ರಮಟ್ಟದಿಂದ ಇದರ ಎತ್ತರ 1,300 ಮೀಟರಿಗೂ ತುಸು ಹೆಚ್ಚು. ಕಾರಿನವರಿಗೆ ಮೇಲಿನವರೆಗೂ ಘಟ್ಟದ ರಸ್ತೆ ಇದೆ. ಕಾಲಿನವರಿಗೆ ಬುಡದ ಆತಕರವಾಡಿಯಿಂದ ಕಾಲುಹಾದಿ ಇದೆ. ಹಾದಿಯ ಉದ್ದ ಮೂರು ಕಿಲೋಮೀಟರೂ ಇಲ್ಲ, ಆದರೆ ಅಷ್ಟರಲ್ಲೇ ಸುಮಾರು 600 ಮೀಟರ್ ಮೇಲೇರಬೇಕು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತಾರಲ್ಲ, ಖಡಕವಾಸಲಾ ಕೆರೆಯ ದಂಡೆಯಲ್ಲಿ ನಿಂತು ನೋಡಿದರೆ ಸಿಂಹಗಡವೂ ಹಾಗೇ ನುಣ್ಣಗೆ ಕಾಣುತ್ತದೆ. ಹತ್ತಿರ ಹೋದಾಗಲೇ ಅದರ ಕಲ್ಲು, ಕೊರಕಲು ಎಲ್ಲ ಗೊತ್ತಾಗುವುದು.

ಭಾನುವಾರ ಬೆಳಗಿನ ಐದು ಗಂಟೆಗೇ ಆತಕರವಾಡಿಯಲ್ಲಿ ಸ್ಕೂಟರುಗಳ ಸಾಲು. ಎಲ್ಲರೂ ತಲೆ ಎತ್ತಿ ಗುಡ್ಡದ ತುದಿಯಲ್ಲಿರುವ ಗೋಪುರದ ದೀಪ ನೋಡಿದರೆ ನಾನು ತಲೆ ತಗ್ಗಿಸಿ ಎಲ್ಲರ ಕಾಲು ನೋಡುತ್ತೇನೆ. ಇದು ನನ್ನ ಇತ್ತೀಚಿನ ಚಟ. ಎಷ್ಟು ಬಗೆಯ ಪಾದರಕ್ಷೆಗಳು! ಶಾಲೆಯ ಬಿಳಿ ಕ್ಯಾನ್ವಾಸ್, ಆಫೀಸಿನ ಕಪ್ಪು ಬೂಟು, ಹವಾಯಿ ಚಪ್ಪಲಿ, ಕೊಲ್ಹಾಪುರಿ, ಪೇಟೆಯ ಫುಟ್‌ಪಾತಿನಲ್ಲಿ ಕೊಂಡ ಜಿಮ್ ಬೂಟು. ಅವುಗಳ ನಡುವೆ ಅಲ್ಲಲ್ಲಿ ಗಿಳಿಹಸಿರು, ಕಿತ್ತಳೆ ಬಣ್ಣದ ‘ಟ್ರೇಲ್’ ಬೂಟುಗಳು. ಗುಡ್ಡದ ಹಾದಿಯಲ್ಲಿ ಓಡುವವರಿಗೆಂದೇ ಮಾಡಿದ, ಅಡಿಯಲ್ಲಿ ಹಲ್ಲು ಹಲ್ಲಾಗಿರುವ ಬೂಟುಗಳು ಅವು. ಇವರೆಲ್ಲರನ್ನೂ ದಾಟಿ, ತಲೆಯ ಮೇಲೆ ಮೊಸರಿನ ಕುಡಿಕೆಗಳ ಬುಟ್ಟಿ ಹೊತ್ತ ಹಳ್ಳಿಯ ಹೆಣ್ಣುಮಕ್ಕಳು ಸವೆದ ಪ್ಲಾಸ್ಟಿಕ್ ಚಪ್ಪಲಿಯಲ್ಲಿ ಸರಸರನೆ ಹತ್ತಿಹೋಗುತ್ತಾರೆ. ಸಂಜೆ ಅದೇ ಚಪ್ಪಲಿಯಲ್ಲಿ ಇಳಿದು ಮನೆಗೆ ಹೋಗಿ ಒಲೆ ಹಚ್ಚುತ್ತಾರೆ.

ಹಾಗಾದರೆ ಎಂಟು ಸಾವಿರ, ಹತ್ತು ಸಾವಿರದ ಬೂಟು ಏಕೆ ಬೇಕು? ನಮ್ಮ ಯುವ ವಿಭಾಗದ ಹುಡುಗನೊಬ್ಬ ಈ ಪ್ರಶ್ನೆಯನ್ನು ನನ್ನ ಮುಖಕ್ಕೇ ಕೇಳಿದ. ಒಳ್ಳೆಯ ಪ್ರಶ್ನೆ. ನನ್ನ ಉತ್ತರವೆಂದರೆ, ಆ ಹೆಣ್ಣುಮಕ್ಕಳ ಪಾದ ಈ ಗುಡ್ಡದ ಮೇಲೇ ಬೆಳೆದದ್ದು, ನಿಮ್ಮದು ಟೈಲ್ಸ್ ಮೇಲೆ. ಇದು ಬರಿಯ ಮಾತಲ್ಲ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ವೈದ್ಯರಾದ ಉದಯಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 1992ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಾಲ್ಕರಿಂದ ಹದಿಮೂರು ವರ್ಷದ 2,300 ಮಕ್ಕಳ ಹೆಜ್ಜೆಗುರುತುಗಳನ್ನು ಅವರು ಪರೀಕ್ಷಿಸಿದ್ದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ನೂರಕ್ಕೆ 8.6 ಮಂದಿಗೆ ಚಪ್ಪಟೆ ಪಾದವಿದ್ದರೆ, ಬರಿಗಾಲಲ್ಲಿ ಓಡಾಡುವವರಲ್ಲಿ ಅದು 2.8 ಮಾತ್ರ. ಮುಂಭಾಗ ಮುಚ್ಚಿದ ಬೂಟು ಹಾಕುವವರಲ್ಲೇ ಹೆಚ್ಚು, ಚಪ್ಪಲಿಯವರಲ್ಲಿ ಕಡಿಮೆ. ನಮ್ಮ ಕರಾವಳಿಯಲ್ಲಿ ನಡೆದ ಈ ಕೆಲಸವನ್ನು ಜಗತ್ತಿನ ಪಾದತಜ್ಞರು ಇಂದಿಗೂ ಉಲ್ಲೇಖಿಸುತ್ತಾರೆ. ನಿಮ್ಮಲ್ಲಿ ಬಹುಪಾಲು ಜನ ಎರಡೂವರೆ ವರ್ಷಕ್ಕೇ ನರ್ಸರಿಯ ಕಪ್ಪು ಬೂಟಿನೊಳಗೆ ಕಾಲಿಟ್ಟವರು. ಮೊಸರಿನ ಬಾಯಿಯ ಪಾದ ನಿಮಗೆ ಈಗ ಹಣ ಕೊಟ್ಟರೂ ಸಿಗುವುದಿಲ್ಲ. ಬೂಟು ಸಿಗುತ್ತದೆ.

ಇಷ್ಟೆಲ್ಲ ನಾನು ತಲೆಗೆ ಹಚ್ಚಿಕೊಂಡದ್ದು ನನ್ನ ಅಣ್ಣನ ಮಗಳಿಂದಾಗಿ. ಎರಡು ವರ್ಷದ ಹಿಂದಿನ ಜುಲೈ ತಿಂಗಳು. ಗೆಳತಿಯರ ಜೊತೆ ಸಿಂಹಗಡ ಹತ್ತಿ, ಮಳೆಯಲ್ಲಿ ಪಿಠಲಾ-ಭಾಕರಿ ತಿಂದು ಖುಷಿಯಿಂದ ಇಳಿಯುತ್ತಿದ್ದಳು. ಕಾಲಲ್ಲಿ ಇದ್ದದ್ದು ರಸ್ತೆಯಲ್ಲಿ ಓಡುವ ಬೂಟು. ಎರಡು ವರ್ಷ ಓಡಿ ಅಡಿ ನುಣ್ಣಗಾಗಿತ್ತು. ಪಾಚಿಗಟ್ಟಿದ ಬಂಡೆಯ ಮೇಲೆ ಎಡಗಾಲು ಜಾರಿತು, ಹರಡು ಒಳಕ್ಕೆ ಮಡಚಿತು. (ಹರಡು ಎಂದರೆ ನೀವು ‘ಆಂಕಲ್’ ಎನ್ನುವ ಕಾಲಗಂಟು.) ಇಬ್ಬರು ಅಪರಿಚಿತರು ಹೆಗಲು ಕೊಟ್ಟು ಎರಡು ಗಂಟೆ ಹಿಡಿದು ಕೆಳಗಿಳಿಸಿದರು. ಮೂಳೆ ಮುರಿದಿರಲಿಲ್ಲ, ಲಿಗಮೆಂಟ್ ಹರಿದಿತ್ತು. ಆರು ವಾರ ಪಟ್ಟಿ, ಆಮೇಲೆ ಮೂರು ತಿಂಗಳು ವ್ಯಾಯಾಮ. ಇಪ್ಪತ್ತಮೂರು ವರ್ಷದ, ಅರ್ಧ ಮ್ಯಾರಥಾನ್ ಓಡುತ್ತಿದ್ದ ಹುಡುಗಿ ನಮ್ಮ ಮನೆಯ ಮೂರು ಮೆಟ್ಟಿಲನ್ನೂ ಗೋಡೆ ಹಿಡಿದು ಇಳಿಯತೊಡಗಿದಳು. ಕಾಲು ವಾಸಿಯಾದ ಮೇಲೂ ಕೈ ಗೋಡೆಯನ್ನು ಬಿಡಲಿಲ್ಲ. ನನಗೆ ಸಂಕಟವಾದದ್ದು ಅದನ್ನು ನೋಡಿ. ಅವಳಮ್ಮ “ಗುಡ್ಡದ ಸಹವಾಸವೇ ಬೇಡ” ಎಂದಳು. ಅಣ್ಣ ಮಾತಾಡಲಿಲ್ಲ. ಡಿಸೆಂಬರಿನಲ್ಲಿ ಅವಳೇ ಬಂದು, “ಅತ್ಯಾ, ಬೂಟ ತಗೊಳ್ಳಾಕ ನನ್ನ ಜೋಡಿ ಬರ್ತೀಯೇನು?” ಎಂದಾಗ ನಾನು ಅಡಿಗೆಮನೆಯ ದೀಪ ಆರಿಸಿ ಹೊರಟೆ.

ಹೋದದ್ದು ಸಂಜೆ ಆರರ ನಂತರ. ದಿನವಿಡೀ ನಡೆದ ಪಾದ ಸಂಜೆಗೆ ಸ್ವಲ್ಪ ಊದಿರುತ್ತದೆ. ಗುಡ್ಡದ ಮೇಲೆ ಎರಡು ಗಂಟೆ ಕಳೆದಾಗಲೂ ಅಷ್ಟೇ ಊದುತ್ತದೆ. ಬೆಳಗ್ಗೆ ಹೋಗಿ ಸರಿಯಾಗಿ ಕೂತ ಬೂಟು ಕೊಂಡರೆ ಅದು ಗುಡ್ಡದಲ್ಲಿ ಬಿಗಿಯಾಗುತ್ತದೆ. ಓಡುವಾಗ ಹಾಕುವ ಕಾಲುಚೀಲವನ್ನೇ ಚೀಲದಲ್ಲಿ ಇಟ್ಟುಕೊಂಡೆವು. ಹೊರಡುವ ಮೊದಲು ಮನೆಯಲ್ಲಿ ಒಂದು ಕೆಲಸ ಮಾಡಿಸಿದ್ದೆ: ನೆಲದ ಮೇಲೆ ಕಂದು ಕಾಗದ ಹಾಸಿ, ಅವಳನ್ನು ನೆಟ್ಟಗೆ ನಿಲ್ಲಿಸಿ, ಪೆನ್ಸಿಲನ್ನು ಲಂಬವಾಗಿ ಹಿಡಿದು ಎರಡೂ ಪಾದದ ಸುತ್ತ ಗೆರೆ ಎಳೆದೆ. ಬಲಪಾದ ಎಡಕ್ಕಿಂತ ನಾಲ್ಕು ಮಿಲಿಮೀಟರ್ ಉದ್ದ. ಎಲ್ಲರಿಗೂ ಹೀಗೇ ಒಂದಿಷ್ಟು ಹೆಚ್ಚುಕಡಿಮೆ ಇರುತ್ತದೆ, ದೊಡ್ಡ ಪಾದಕ್ಕೆ ಸರಿಯಾಗಿ ಕೊಳ್ಳಬೇಕು. ಅವಳ ಎರಡನೆಯ ಬೆರಳು ಹೆಬ್ಬೆರಳಿಗಿಂತ ಉದ್ದ. ಅಳೆಯುವಾಗ ಅದನ್ನೇ ಲೆಕ್ಕಕ್ಕೆ ಹಿಡಿಯಬೇಕು, ಹೆಬ್ಬೆರಳನ್ನಲ್ಲ.

ಈ ಅಳತೆಯ ವಿಷಯವೇ ಒಂದು ತಮಾಷೆ. ನಾವು ‘ಐದು ನಂಬರು, ಆರು ನಂಬರು’ ಎನ್ನುವುದು ಇಂಗ್ಲೆಂಡಿನ ಲೆಕ್ಕ. ಒಂದು ನಂಬರಿಗೂ ಮುಂದಿನದಕ್ಕೂ ನಡುವೆ ಇಂಚಿನ ಮೂರನೆಯ ಒಂದು ಭಾಗದ ಅಂತರ, ಅಂದರೆ ಸುಮಾರು ಎಂಟೂವರೆ ಮಿಲಿಮೀಟರ್. ಇದು ಒಂದು ಬಾರ್ಲಿ ಕಾಳಿನ ಉದ್ದದಿಂದ ಬಂದದ್ದು. ಜವೆಗೋಧಿಯ ಕಾಳಿನಿಂದ ಅಳೆಯುವುದು ನಮಗೂ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಎಂಟು ಯವ ಸೇರಿದರೆ ಒಂದು ಅಂಗುಲ. ಆದರೆ ಇಂಗ್ಲೆಂಡಿನ ಕಾಳು ಉದ್ದವನ್ನಷ್ಟೇ ಹೇಳುತ್ತದೆ, ಅಗಲ ಹೇಳುವುದಿಲ್ಲ. ನಮ್ಮವರ ಪಾದ ಮುಂಭಾಗದಲ್ಲಿ ಅಗಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು 2021ರ ಡಿಸೆಂಬರಿನಿಂದ 2022ರ ಮಾರ್ಚ್‌ವರೆಗೆ ದೇಶದ 79 ಸ್ಥಳಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದು, ಭಾರತೀಯರಿಗೇ ಹೊಂದುವ ‘ಭಾ’ ಎಂಬ ಅಳತೆಯ ಪದ್ಧತಿಯನ್ನು ರೂಪಿಸಿದರು. ಅಗಲ ಸಾಲದೆ ನಮ್ಮವರು ಉದ್ದದಲ್ಲಿ ದೊಡ್ಡ ಬೂಟು ಕೊಳ್ಳುವ ಅಭ್ಯಾಸವೂ ಆಗ ಚರ್ಚೆಗೆ ಬಂತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುವುದು ದುಡ್ಡಿನ ಮಟ್ಟಿಗೆ ಒಳ್ಳೆಯ ಮಾತು. ಬೂಟಿನ ಮಟ್ಟಿಗೆ ಕಾಲು ಇದ್ದಷ್ಟು ಹಾಸಿಗೆ ಬೇಕು.

ಅಂಗಡಿಯ ಹುಡುಗ ಮೂರು ಜೊತೆ ತಂದಿಟ್ಟ. ಮೊದಲನೆಯದಕ್ಕೆ ಅಡಿಯಲ್ಲಿ ಆರು ಮಿಲಿಮೀಟರಿನ ಮೊನಚು ಹಲ್ಲುಗಳು. ನೋಡಲು ಮಹಾ ಶೂರನ ಬೂಟು. ಹುಡುಗಿಯ ಕಣ್ಣು ಅದರ ಮೇಲೇ.

“ಇದು ಭಾಳ ಛಲೋ ಅದ ಅತ್ಯಾ.”

“ಕಣ್ಣು ಏನಂತಾವ ಬ್ಯಾಡ, ಬೆರಳು ಏನಂತಾವ ಹೇಳು.”

“ಕಿರಿಬೆರಳು ಸ್ವಲ್ಪ ಒತ್ತಾಕತ್ತದ.”

ಹಾಕುತ್ತ ಹಾಕುತ್ತ ಸಡಿಲವಾಗುತ್ತದೆ ಎಂದು ಅಂಗಡಿಯ ಹುಡುಗ ಮರಾಠಿಯಲ್ಲಿ ಸಮಾಧಾನ ಹೇಳಿದ. ಚರ್ಮದ ಚಪ್ಪಲಿಯಾದರೆ ಆ ಮಾತು ಸರಿ. ಅಥಣಿ, ನಿಪ್ಪಾಣಿಯ ಕುಶಲಕರ್ಮಿಗಳು ಮಾಡುವ ಕೊಲ್ಹಾಪುರಿ ಮೊದಲ ವಾರ ಕಚ್ಚಿ, ಎಣ್ಣೆ ಕುಡಿದು, ಎರಡನೆಯ ತಿಂಗಳಿಗೆ ನಮ್ಮ ಪಾದದ ಅಚ್ಚೇ ಆಗಿಬಿಡುತ್ತದೆ. (ಹೆಸರು ಕೊಲ್ಹಾಪುರದ್ದಾದರೂ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಅದರಲ್ಲಿ ಸೇರಿದವು. ಮರಾಠಿ ಗೆಳೆಯರೊಡನೆ ವಾದಕ್ಕಿಳಿಯುವ ಮಕ್ಕಳು ಇದನ್ನು ನೆನಪಿಡಿ.) ಆದರೆ ಟ್ರೇಲ್ ಬೂಟಿನ ಮೇಲ್ಭಾಗ ಪ್ಲಾಸ್ಟಿಕ್ ನೂಲಿನ ಜಾಲರಿ, ಅದರ ಮೇಲೆ ಅಂಟಿಸಿದ ಪಟ್ಟಿ. ಅದು ಹೆಚ್ಚೇನೂ ಸಡಿಲವಾಗುವುದಿಲ್ಲ. ಅಂಗಡಿಯಲ್ಲಿ ಒತ್ತಿದ್ದು ಗುಡ್ಡದಲ್ಲಿ ಗಾಯ ಮಾಡುತ್ತದೆ. ಸಂದೇಹವಿದ್ದರೆ ಒಳಗಿನ ಮೆತ್ತೆಯನ್ನು ಹೊರಗೆಳೆದು ಅದರ ಮೇಲೆ ನಿಂತು ನೋಡಿ. ಪಾದ ಮೆತ್ತೆಯ ಅಂಚಿನಿಂದ ಹೊರಚೆಲ್ಲಿದರೆ ಆ ಬೂಟು ನಿಮ್ಮದಲ್ಲ. ಅವಳ ಪಾದ ಎರಡೂ ಕಡೆ ಚೆಲ್ಲಿತು.

ಎರಡನೆಯ ಜೊತೆ ದಪ್ಪ ಮೆತ್ತೆಯದು. ಹಾಕಿದರೆ ಹತ್ತಿಯ ಹಾಸಿಗೆಯ ಮೇಲೆ ನಿಂತ ಹಾಗೆ. ನನ್ನ ಮಂಡಿ ಅದನ್ನು ನೋಡಿಯೇ ಆಸೆಪಟ್ಟಿತು. ಆದರೆ ಕಾಲು ಉಳುಕಿದವರಿಗೆ ಇದನ್ನು ನೂರು ಸಲ ಯೋಚಿಸಿ ಕೊಡಿಸಬೇಕು. ಪಾದ ನೆಲದಿಂದ ಎಷ್ಟು ಎತ್ತರಕ್ಕೆ ಹೋಗುತ್ತದೋ ಹರಡು ಮಗುಚಿದಾಗ ಅಷ್ಟು ಜೋರಾಗಿ ಮಗುಚುತ್ತದೆ. ಗೇಣೆತ್ತರದ ಮಣೆಯ ಮೇಲೆ ನಿಂತವರಿಗೂ ಸ್ಟೂಲಿನ ಮೇಲೆ ನಿಂತವರಿಗೂ ಇರುವ ವ್ಯತ್ಯಾಸದಂತೆ. ಅಂಗಡಿಯ ಮೆಟ್ಟಿಲಿನ ಅಂಚಿನಲ್ಲಿ ಅರ್ಧ ಪಾದವಿಟ್ಟು ನಿಲ್ಲಲು ಹೇಳಿದೆ. ಹುಡುಗಿ ತೊನೆದು ನನ್ನ ತೋಳು ಹಿಡಿದಳು. ಬೇಡವೆಂದು ಅವಳೇ ಬಿಚ್ಚಿದಳು.

ಮೂರನೆಯದು ನೋಡಲು ಏನೂ ಇಲ್ಲ. ಸಗಣಿ ಬಣ್ಣಕ್ಕೆ ಒಂದಿಷ್ಟು ಅರಿಶಿನ ಬೆರೆಸಿದ ಹಾಗಿತ್ತು. ಅಡಿಯ ಹಲ್ಲು ನಾಲ್ಕು ಮಿಲಿಮೀಟರ್. ಹಿಮ್ಮಡ ಮುಂಗಾಲಿಗಿಂತ ಆರು ಮಿಲಿಮೀಟರ್ ಎತ್ತರ. ಮುಂಭಾಗ ಅಗಲ, ಬೆರಳುಗಳು ಬೀಸಣಿಗೆಯ ಕಡ್ಡಿಗಳಂತೆ ಬಿಡಿಬಿಡಿಯಾಗಿ ಹರಡಿಕೊಂಡವು. ಹಿಮ್ಮಡ ಮಾತ್ರ ಗಟ್ಟಿಯಾಗಿ ಕೂತಿತು. ಉದ್ದನೆಯ ಬೆರಳಿನ ಮುಂದೆ ನನ್ನ ಹೆಬ್ಬೆರಳಿನ ಅಗಲದಷ್ಟು, ಅಂದರೆ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಜಾಗ. ಈ ಜಾಗದ ಬೆಲೆ ಗೊತ್ತಾಗುವುದು ಇಳಿಯುವಾಗ. ಹತ್ತುವಾಗ ಪಾದ ಹಿಂದಕ್ಕೆ ಕೂರುತ್ತದೆ. ಇಳಿಯುವಾಗ ಹೆಜ್ಜೆಹೆಜ್ಜೆಗೂ ಮುಂದಕ್ಕೆ ಜಾರಿ ಬೆರಳ ತುದಿ ಬೂಟಿನ ಗೋಡೆಗೆ ಬಡಿಯುತ್ತದೆ. ಸಿಂಹಗಡದಿಂದ ಒಮ್ಮೆ ಇಳಿದರೆ ಸಾವಿರಾರು ಬಡಿತ. ಉಗುರಿನ ಕೆಳಗೆ ರಕ್ತ ಕಟ್ಟಿ ಕಪ್ಪಾಗಿ, ತಿಂಗಳೊಪ್ಪತ್ತಿನಲ್ಲಿ ಉಗುರೇ ಉದುರುತ್ತದೆ. ಓಡುವ ಹುಡುಗ ಹುಡುಗಿಯರು ಕಪ್ಪು ಉಗುರನ್ನು ಪದಕದಂತೆ ತೋರಿಸುವುದನ್ನು ನೋಡಿದ್ದೇನೆ. ಅದು ಪದಕವಲ್ಲ, ತಪ್ಪು ಅಳತೆಯ ರಸೀದಿ.

ಅಂಗಡಿಯ ಮೆಟ್ಟಿಲನ್ನು ಹತ್ತು ಸಲ ಹತ್ತಿ ಇಳಿಸಿದೆ. ಬೂಟಿನ ಮುಂಭಾಗವನ್ನು ನೆಲಕ್ಕೆ ಕುಟ್ಟಿಸಿದೆ. ಅಂಗಡಿಯ ಹುಡುಗನ ಮುಖ ಸಣ್ಣದಾಯಿತು. ಇಳಕಲ್ ಸೀರೆಯ ಸೆರಗು ಬಿಚ್ಚಿ ನೋಡದೆ ಯಾರಾದರೂ ಕೊಳ್ಳುತ್ತಾರೆಯೇ? “ಹಿಮ್ಮಡ ಏಳತದೇನು?” ಎಂದೆ. “ಒಂದೀಟ” ಎಂದಳು. ಅದಕ್ಕೆ ಲಾಡಿಯಲ್ಲೇ ಉಪಾಯವಿದೆ. ಬೂಟಿನ ಮೇಲ್ತುದಿಯಲ್ಲಿ, ಲಾಡಿಯ ಸಾಲಿನಿಂದ ಸ್ವಲ್ಪ ಹಿಂದಕ್ಕೆ, ಒಂದು ಹೆಚ್ಚುವರಿ ತೂತು ಇರುತ್ತದೆ. ಬಹಳ ಜನ ಅದನ್ನು ಅಲಂಕಾರವೆಂದು ತಿಳಿದಿದ್ದಾರೆ. ಲಾಡಿಯನ್ನು ಅದರೊಳಗೆ ತೂರಿಸಿ ಎರಡೂ ಬದಿಯಲ್ಲಿ ಸಣ್ಣ ಕುಣಿಕೆ ಮಾಡಿ, ಎಡದ ಲಾಡಿಯನ್ನು ಬಲದ ಕುಣಿಕೆಯಲ್ಲೂ ಬಲದ್ದನ್ನು ಎಡದ ಕುಣಿಕೆಯಲ್ಲೂ ದಾಟಿಸಿ ಎಳೆದು ಕಟ್ಟಿದರೆ ಹಿಮ್ಮಡ ಹಿಡಿದಿಟ್ಟಂತೆ ನಿಲ್ಲುತ್ತದೆ. ಬೆರಳುಗಳ ಕಡೆ ಲಾಡಿ ಸಡಿಲವಾಗಿಯೇ ಇರಲಿ.

ಬೂಟಿನ ಹೊಂದಿಕೆ ಅಂಗಡಿಯಲ್ಲಿ ಗೊತ್ತಾಗುತ್ತದೆ, ಗುಣ ಗೊತ್ತಾಗಬೇಕಾದರೆ ಗುಡ್ಡಕ್ಕೇ ಹೋಗಬೇಕು. ಮೊದಲು ಒಂದು ವಾರ ಮನೆಯೊಳಗೆ, ಆಮೇಲೆ ವೇತಾಳ ಟೇಕಡಿಯಲ್ಲಿ ಎರಡು ವಾರ. ಊರ ನಡುವಿನ ಈ ಗುಡ್ಡ ಹೊಸ ಬೂಟಿಗೆ ಹೇಳಿ ಮಾಡಿಸಿದ ಪರೀಕ್ಷಾ ಕೊಠಡಿ. ಕಚ್ಚಿದರೆ ರಿಕ್ಷಾ ಹಿಡಿದು ಮನೆಗೆ ಬರಬಹುದು. ಮನೆಗೆ ಬಂದ ಕೂಡಲೇ ಕಾಲುಚೀಲ ತೆಗೆಸಿ ಪಾದ ನೋಡುತ್ತಿದ್ದೆ. ಕೆಂಪಾದ ಜಾಗ ಹತ್ತು ನಿಮಿಷದಲ್ಲಿ ಮಾಯವಾದರೆ ಚಿಂತೆಯಿಲ್ಲ, ಉಳಿದರೆ ಅಲ್ಲೇ ಗುಳ್ಳೆ ಏಳುತ್ತದೆ. ಮಾಯವಾಯಿತು.

ಇನ್ನು ಸಿಂಹಗಡದ ಮಾತು. ಈ ಗುಡ್ಡದ ಕಲ್ಲು ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಹೆಪ್ಪುಗಟ್ಟಿ ಆದದ್ದು. ಪದರದ ಮೇಲೆ ಪದರ. ಅದಕ್ಕೇ ಸಹ್ಯಾದ್ರಿಯ ಈ ಭಾಗದ ಗುಡ್ಡಗಳೆಲ್ಲ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತವೆ. ‘ಡೆಕ್ಕನ್ ಟ್ರ್ಯಾಪ್’ ಎಂಬ ಹೆಸರಿನ ‘ಟ್ರ್ಯಾಪ್’ ಬಂದದ್ದು ಮೆಟ್ಟಿಲು ಎಂಬ ಅರ್ಥದ ಸ್ವೀಡಿಷ್ ಪದದಿಂದ. ಬಲೆಗೂ ಅದಕ್ಕೂ ಸಂಬಂಧವಿಲ್ಲ. ನಮ್ಮ ಹಂಪಿಯ ಕಣಶಿಲೆ ಉಪ್ಪುಕಾಗದದಂತೆ ಒರಟು, ಒಣಗಿದ್ದಾಗ ಬರಿಗಾಲನ್ನೂ ಹಿಡಿದುಕೊಳ್ಳುತ್ತದೆ. ಇಲ್ಲಿಯ ಕರಿಗಲ್ಲು ಹಾಗಲ್ಲ. ಕಣ ಸಣ್ಣದು, ಜನ ನಡೆದು ನಡೆದು ಇನ್ನಷ್ಟು ನಯವಾಗಿದೆ. ಬೇಸಿಗೆಯಲ್ಲಿ ಅದರ ಮೇಲೆ ಪುಡಿ ಗರಸು ಕೂತಿರುತ್ತದೆ. ಗರಸು ಎಂದರೆ ಕಲ್ಲುಪುಡಿ ಬೆರೆತ ಗಟ್ಟಿ ಮಣ್ಣು, ಮರಾಠಿಯ ಮುರೂಮ್. ತಟ್ಟೆಯ ಮೇಲೆ ಚೆಲ್ಲಿದ ಸಾಸಿವೆಯ ಮೇಲೆ ಬೆರಳಿಟ್ಟು ನೋಡಿ, ಮಾರ್ಚ್ ತಿಂಗಳ ಸಿಂಹಗಡ ಹಾಗೆ. ಮಳೆಗಾಲದಲ್ಲಿ ಅದೇ ಕಲ್ಲಿಗೆ ಪಾಚಿ, ಬುಡದ ಹೊಲಗಳ ಅಂಚಿನಲ್ಲಿ ಅಂಟು ಕೆಸರು. ಧಾರವಾಡ ಕಡೆಯ ಎರೆಭೂಮಿಯಲ್ಲಿ ಮಳೆಗಾಲ ಕಂಡವರಿಗೆ ಈ ಕೆಸರಿನ ಪರಿಚಯ ಬೇಕಿಲ್ಲ. ಹತ್ತು ಹೆಜ್ಜೆಗೆ ಒಂದೊಂದು ಕಾಲಿಗೂ ಒಂದೊಂದು ಸೇರು ಮಣ್ಣು.

ಒಂದೇ ಹಾದಿಯಲ್ಲಿ ಇಷ್ಟು ಬಗೆ ಇರುವುದರಿಂದ ಬೂಟಿನ ಅಡಿಯೂ ರಾಜಿ ಮಾಡಿಕೊಳ್ಳಬೇಕಾಗುತ್ತದೆ. ಕೆಸರಿಗೆ ಉದ್ದ ಹಲ್ಲು ಬೇಕು, ಹಲ್ಲುಗಳ ನಡುವೆ ಅಂತರವೂ ಬೇಕು, ಇಲ್ಲದಿದ್ದರೆ ಮಣ್ಣು ಉದುರುವುದಿಲ್ಲ. ಆದರೆ ಅದೇ ಉದ್ದ ಹಲ್ಲು ನಯವಾದ ಬಂಡೆಯ ಮೇಲೆ ಕೆಟ್ಟದ್ದು. ಕಲ್ಲಿಗೆ ತಾಗುವುದು ಹಲ್ಲುಗಳ ತುದಿಯಷ್ಟೇ. ಬಂಡೆಯನ್ನು ಹಿಡಿಯುವುದು ಹಲ್ಲಲ್ಲ, ರಬ್ಬರು. ಮೆತ್ತನೆಯ ರಬ್ಬರು ಕಲ್ಲಿನ ಸಣ್ಣ ಏರುತಗ್ಗುಗಳೊಳಗೆ ಇಳಿದು ಹಿಡಿಯುತ್ತದೆ, ಆದರೆ ಬೇಗ ಸವೆಯುತ್ತದೆ. ಗಟ್ಟಿ ರಬ್ಬರು ಬಾಳುತ್ತದೆ, ಜಾರುತ್ತದೆ. ಉಗುರಿನಿಂದ ಒತ್ತಿ ನೋಡಿದರೆ ಅಂಗಡಿಯಲ್ಲೇ ಸ್ವಲ್ಪ ಅಂದಾಜು ಸಿಗುತ್ತದೆ. ಒಳ್ಳೆಯ ಬೂಟುಗಳಲ್ಲಿ ಮುಂಗಾಲಿನ ಹಲ್ಲುಗಳು ಒಂದು ದಿಕ್ಕಿಗೂ ಹಿಮ್ಮಡದ ಹಲ್ಲುಗಳು ಅದರ ವಿರುದ್ಧ ದಿಕ್ಕಿಗೂ ತಿರುಗಿರುತ್ತವೆ. ಮುಂದಿನವು ಹತ್ತುವುದಕ್ಕೆ, ಹಿಂದಿನವು ಇಳಿಯುವಾಗ ತಡೆ ಹಾಕುವುದಕ್ಕೆ.

ಈ ಹಲ್ಲಿನ ರಬ್ಬರಿಗೂ ಒಂದು ಕಥೆಯಿದೆ. 1935ರಲ್ಲಿ ಇಟಲಿಯ ಆಲ್ಪ್ಸ್ ಪರ್ವತದ ಪುಂಟಾ ರಸೀಕಾ ಶಿಖರದಲ್ಲಿ ಬಿರುಗಾಳಿಗೆ ಸಿಕ್ಕಿ ಆರು ಮಂದಿ ಪರ್ವತಾರೋಹಿಗಳು ಸತ್ತರು. ಅಂದಿನ ಪಾದರಕ್ಷೆಗಳು ಆ ಚಳಿಗೂ ಮಂಜುಗಡ್ಡೆಗೂ ತಕ್ಕವಾಗಿರಲಿಲ್ಲ. ಆ ಗೆಳೆಯರನ್ನು ಕಳೆದುಕೊಂಡ ವಿಟಾಲೆ ಬ್ರಾಮಾನಿ ಎಂಬಾತ ಟೈರು ಕಂಪನಿ ಪಿರೆಲ್ಲಿಯ ನೆರವಿನಿಂದ 1937ರಲ್ಲಿ ಹಲ್ಲುಗಳಿರುವ ರಬ್ಬರಿನ ಅಟ್ಟೆ ತಯಾರಿಸಿದ. ಅವನ ಹೆಸರಿನ ಎರಡೂ ಪದಗಳ ಮೊದಲ ಭಾಗ ಸೇರಿಸಿದರೆ ‘ವಿಬ್ರಮ್’. ಇಂದು ಎಷ್ಟೋ ಬೂಟುಗಳ ಅಡಿಯಲ್ಲಿ ಕಾಣುವ ಹಳದಿ ಗುರುತು ಅದೇ. 1954ರಲ್ಲಿ ಕೆ-2 ಶಿಖರವನ್ನು ಮೊದಲು ಏರಿದ ಇಟಲಿಯವರ ಕಾಲಲ್ಲಿ ಇದ್ದದ್ದೂ ಈ ಅಟ್ಟೆಯೇ. ಸಿಂಹಗಡದಲ್ಲೂ ಹಿಡಿತದ ಕಥೆಯೊಂದಿದೆ. 1670ರ ಫೆಬ್ರುವರಿಯ ರಾತ್ರಿ ತಾನಾಜಿ ಮಾಲುಸರೆ ಕಡಿದಾದ ಬಂಡೆಯ ಕಡೆಯಿಂದ ಈ ಕೋಟೆ ಹತ್ತಿದ್ದು ಚರಿತ್ರೆ. ಹಗ್ಗ ಕಟ್ಟಿದ ಉಡವೊಂದನ್ನು ಮೊದಲು ಮೇಲೆ ಹತ್ತಿಸಿದನೆಂಬುದು ದಂತಕಥೆ. ಕನ್ನಡದಲ್ಲಿ ಬಿಡದ ಹಿಡಿತಕ್ಕೆ ‘ಉಡದ ಪಟ್ಟು’ ಎನ್ನುತ್ತೇವೆ. ಉಡದ ಉಗುರಿಗೂ ಪಾಚಿಯ ಮೇಲೆ ಕೆಲಸವಿಲ್ಲ, ಅದು ಬೇರೆ ವಿಷಯ.

ಹೌದು, ಪಾಚಿಯ ಮೇಲೆ ಯಾವ ಬೂಟೂ ನಿಲ್ಲುವುದಿಲ್ಲ. ಹದಿನೈದು ಸಾವಿರದ್ದೂ ಇಲ್ಲ. ಅಲ್ಲಿ ಕಣ್ಣೇ ಬೂಟು. ಹೊಳೆಯುವ ಹಸಿರು ಬಿಟ್ಟು ಒರಟಾಗಿ ಮಬ್ಬಾಗಿ ಕಾಣುವ ಕಲ್ಲನ್ನೇ ಆರಿಸಿಕೊಂಡು, ಪುಟ್ಟ ಹೆಜ್ಜೆಯಿಟ್ಟು, ಮೈಭಾರವನ್ನು ಪಾದದ ನೇರ ಮೇಲಿಟ್ಟುಕೊಂಡು ಇಳಿಯಬೇಕು. ಹೆದರಿದವರು ಹಿಂದಕ್ಕೆ ವಾಲುತ್ತಾರೆ. ಹಿಂದಕ್ಕೆ ವಾಲಿದ ಕೂಡಲೇ ಹಿಮ್ಮಡ ಜಾರುತ್ತದೆ. ಮೊಸರಿನ ಬಾಯಂದಿರನ್ನು ಗಮನಿಸಿ, ತಲೆಯ ಮೇಲೆ ಬುಟ್ಟಿ ಇರುವುದರಿಂದ ಅವರು ವಾಲುವ ಹಾಗೇ ಇಲ್ಲ.

ಮಾರ್ಚಿನ ಗರಸಿನಲ್ಲಿ ಸಗಣಿ ಬಣ್ಣದ ಬೂಟು ಚೆನ್ನಾಗಿಯೇ ನಡೆಯಿತು. ಅಟ್ಟೆಯ ನಡುವೆ ಇರುವ ತೆಳುವಾದ ಗಟ್ಟಿ ಹಾಳೆ ಚೂಪು ಕಲ್ಲಿನ ಚುಚ್ಚು ತಡೆಯಿತು. ನಾಲಗೆಯನ್ನು ಎರಡೂ ಬದಿಗೆ ಹೊಲಿದಿದ್ದರಿಂದ ಕಲ್ಲುಪುಡಿ ಒಳಗೆ ಬರಲಿಲ್ಲ. ಬಿಡಿ ನಾಲಗೆಯ ಬೂಟಿನವರು ದಾರಿಯುದ್ದಕ್ಕೂ ಕೂತು ಬೂಟು ಕೊಡವುತ್ತಿದ್ದರು. ಆದರೆ ನಾನು ಕಾಯುತ್ತಿದ್ದದ್ದು ಜುಲೈಗೆ. ಹುಡುಗಿಯೂ ಅದಕ್ಕೇ ಕಾಯುತ್ತಿದ್ದಳು, ಹೇಳುತ್ತಿರಲಿಲ್ಲ ಅಷ್ಟೇ.

ನೀರು ಒಳಗೆ ಬಾರದ ಪೊರೆಯಿರುವ ಬೂಟು ಮಳೆಗಾಲಕ್ಕೆ ಒಳ್ಳೆಯದೆಂದು ಹಲವರು ಸಲಹೆ ಕೊಟ್ಟಿದ್ದರು. ಇಬ್ಬನಿ ಬಿದ್ದ ಹುಲ್ಲಿಗೆ, ಚಳಿದೇಶದ ಹಿಮಕ್ಕೆ ಅದು ಸರಿ. ಸಹ್ಯಾದ್ರಿಯ ಮಳೆ ಹಾಗಲ್ಲ. ನೀರು ಬರುವುದು ಜಾಲರಿಯಿಂದಲ್ಲ, ಕಾಲ ಮೇಲಿನಿಂದ ಇಳಿದು. ಒಮ್ಮೆ ಒಳಗೆ ಬಂದರೆ ಪೊರೆ ಅದನ್ನು ಹೊರಗೂ ಬಿಡುವುದಿಲ್ಲ, ಕಾಲಿಗೆ ಬಕೆಟ್ ಕಟ್ಟಿಕೊಂಡ ಹಾಗೆ. ತೆಳು ಜಾಲರಿಯ ಬೂಟು ನೆನೆಯುತ್ತದೆ, ನಾಲ್ಕು ಹೆಜ್ಜೆಯಲ್ಲಿ ಹಿಂಡಿಕೊಳ್ಳುತ್ತದೆ. ನಾವು ಜಾಲರಿಯದೇ ತೆಗೆದುಕೊಂಡಿದ್ದೆವು. ಹತ್ತಿಯ ಕಾಲುಚೀಲ ಮಾತ್ರ ಬೇಡ. ನೆನೆದ ಹತ್ತಿ ಚರ್ಮ ಸುಲಿಯುತ್ತದೆ.

ಕಳೆದ ವರ್ಷ ಜುಲೈ ಎರಡನೆಯ ಭಾನುವಾರ ಹತ್ತಿದೆವು. ಮಂಜು ಎಷ್ಟಿತ್ತೆಂದರೆ ಪುಣೆ ದರವಾಜೆ ಹತ್ತು ಹೆಜ್ಜೆ ದೂರ ಬರುವವರೆಗೂ ಕಾಣಲಿಲ್ಲ. ಸ್ಪಷ್ಟವಾದ ದಿನವಾದರೆ ಮೇಲಿಂದ ರಾಜಗಡ, ತೋರಣಾ ಎರಡೂ ಕಾಣುತ್ತವೆ. ಅವತ್ತು ಬಜ್ಜಿಯ ಒಲೆಯ ಹೊಗೆ ಯಾವುದು ಮಂಜು ಯಾವುದು ತಿಳಿಯುತ್ತಿರಲಿಲ್ಲ. ಇಳಿಯುವಾಗ ಅದೇ ಜಾಗ ಬಂತು. ನಾನು ಗುರುತು ಹಿಡಿಯಲಿಲ್ಲ, ಅವಳು ಹಿಡಿದಳು. ನಿಂತಳು. ಹಿಂದೆ ಬರುತ್ತಿದ್ದವರು ಬದಿಯಿಂದ ದಾಟಿಹೋದರು. ನಾನು ಕೈ ಚಾಚಲಿಲ್ಲ. ಫಿಸಿಯೋಥೆರಪಿಯ ಬಾಯಿ ಮೊದಲೇ ಹೇಳಿದ್ದಳು, ಕೇಳಿದರೆ ಮಾತ್ರ ಕೊಡಿ ಎಂದು. ಬಂಡೆಯ ಎಡಕ್ಕೆ ಒರಟು ಕಲ್ಲೊಂದರ ಮೇಲೆ ಬೂಟಿನ ಮುಂಭಾಗ ಇಟ್ಟು, ಒತ್ತಿ, ಒಂದು ಸಲ ತಿರುವಿ ನೋಡಿದಳು. ಹಿಡಿಯಿತು. ಎರಡನೆಯ ಹೆಜ್ಜೆ, ಮೂರನೆಯದು. ಕೆಳಗೆ ಹೋಗಿ, “ಬಾ ಅತ್ಯಾ, ಇಲ್ಲೆ ಕಾಲಿಡು” ಎಂದು ನನಗೇ ದಾರಿ ತೋರಿಸಿದಳು.

ಬೂಟೇ ಅವಳನ್ನು ಇಳಿಸಿತೆಂದು ಅಂಗಡಿಯವರ ಹಾಗೆ ನಾನು ಹೇಳಲಾರೆ. ಹಲ್ಲುಜ್ಜುವಾಗ ಒಂಟಿಕಾಲಲ್ಲಿ ನಿಲ್ಲುವುದು, ಕಣ್ಣು ಮುಚ್ಚಿ ನಿಲ್ಲುವುದು, ಮೆಟ್ಟಿಲಂಚಿನಲ್ಲಿ ಹಿಮ್ಮಡ ಏರಿಸಿ ಇಳಿಸುವುದು, ಇವನ್ನು ಅವಳು ಏಳು ತಿಂಗಳು ಒಂದು ದಿನ ಬಿಡದೆ ಮಾಡಿದ್ದಳು. ಹರಡನ್ನು ಕಾಯುವುದು ಅದರ ಸುತ್ತಲಿನ ಸ್ನಾಯು. ನುಣುಪು ಅಟ್ಟೆಯಲ್ಲಾದರೆ ಆ ಸ್ನಾಯುವಿಗೂ ಕೆಲಸ ಮಾಡುವ ಅವಕಾಶ ಸಿಗುತ್ತಿರಲಿಲ್ಲ, ಅಷ್ಟು ಮಾತ್ರ ಖಂಡಿತ.

ರಜೆಗೆ ಊರಿಗೆ ಹೋದಾಗ ಕುದುರೆಮುಖ, ಕುಮಾರಪರ್ವತ ಹತ್ತಲು ಹೊರಡುವವರಿಗೆ ಒಂದು ಸೂಚನೆ. ಮಲೆನಾಡಿನ ನೆಲ ಇಲ್ಲಿಯದಲ್ಲ. ಕೆಂಪು ಜೇಡಿ, ಕೊಳೆತ ಎಲೆಯ ಹಾಸು, ಅದರಡಿ ಮರದ ಬೇರು. ಅಲ್ಲಿ ಇನ್ನೂ ಸ್ವಲ್ಪ ಉದ್ದ ಹಲ್ಲಿನ ಬೂಟು ಉತ್ತಮ. ಇಂಬಳಕ್ಕೆ ಮಾತ್ರ ಯಾವ ಬೂಟೂ ಅಡ್ಡಿಯಲ್ಲ. ಕಾಲುಚೀಲದೊಳಗೆ ಪ್ಯಾಂಟಿನ ತುದಿ ಸಿಕ್ಕಿಸಿ, ಉಪ್ಪಿನ ಪೊಟ್ಟಣ ಜೇಬಿನಲ್ಲಿಡಿ.

ಮನೆಗೆ ಬಂದ ಮೇಲಿನ ಕೆಲಸ ಯಾರೂ ಹೇಳಿಕೊಡುವುದಿಲ್ಲ, ಅಮ್ಮಂದಿರ ತಲೆಗೆ ಬರುತ್ತದೆ. ಕೆಸರಿನ ಬೂಟನ್ನು ವಾಷಿಂಗ್ ಮಷೀನಿಗೆ ಹಾಕಬೇಡಿ. ನಲ್ಲಿಯ ನೀರಿನಲ್ಲಿ ಹಳೆಯ ಹಲ್ಲಿನ ಬ್ರಷ್ಷಿನಿಂದ ತಿಕ್ಕಿ, ಒಳಮೆತ್ತೆ ತೆಗೆದು, ದಿನಪತ್ರಿಕೆಯ ಉಂಡೆ ತುರುಕಿ ನೆರಳಿನಲ್ಲಿಡಿ. (ಸಂಘದ ಈ ಪತ್ರಿಕೆಯನ್ನು ಅದಕ್ಕೆ ಬಳಸಿದರೆ ಸಂಪಾದಕರಿಗೆ ಹೇಳುತ್ತೇನೆ.) ಬಿಸಿಲಿಗೋ ಹೀಟರಿಗೋ ಇಟ್ಟರೆ ಅಂಟು ಬಿಡುತ್ತದೆ. ಐನೂರರಿಂದ ಎಂಟುನೂರು ಕಿಲೋಮೀಟರ್ ಓಡುವಷ್ಟರಲ್ಲಿ ಒಳಗಿನ ಮೆತ್ತೆ ಸತ್ತುಹೋಗುತ್ತದೆ, ಮೇಲೆ ಹೊಸದರ ಹಾಗೆ ಕಂಡರೂ. ನುಣ್ಣಗಾದದ್ದನ್ನು ಮಾರುಕಟ್ಟೆಗೆ ಹೋಗಲು ಇಟ್ಟುಕೊಳ್ಳಿ, ಗುಡ್ಡಕ್ಕೆ ಬೇಡ.

ನಮ್ಮ ಹುಡುಗಿಯದು ಈಗ ಸುಮಾರು ನಾನೂರು ಕಿಲೋಮೀಟರ್ ಆಗಿದೆ. ಈ ಚಳಿಗಾಲದಲ್ಲಿ ಕಾತ್ರಜ್‌ನಿಂದ ಸಿಂಹಗಡದವರೆಗೆ ಗುಡ್ಡಗಳ ಮೇಲಿನ ರಾತ್ರಿ ನಡಿಗೆಗೆ ಹೋಗಬೇಕೆಂದಿದ್ದಾಳೆ. ಮೊನ್ನೆ ಬೂಟು ತೊಳೆದು ಬಾಲ್ಕನಿಯಲ್ಲಿ ಬೋರಲು ಹಾಕಿದಾಗ ನೋಡಿದೆ. ಬಲಗಾಲಿನ ಹಲ್ಲುಗಳು ಅರ್ಧ ಸವೆದಿವೆ, ಎಡಗಾಲಿನವು ಇನ್ನೂ ಚೂಪಾಗಿವೆ. ಅವಳಿಗೂ ತೋರಿಸಿದೆ. ಇಬ್ಬರೂ ಸ್ವಲ್ಪ ಹೊತ್ತು ನೋಡಿದೆವು. ಒಣಗಿದ ಜೊತೆಯನ್ನು ಚೀಲಕ್ಕೆ ಹಾಕಿ ಬಾಗಿಲ ಬಳಿ ಇಟ್ಟಿದ್ದೇವೆ. ಫಿಸಿಯೋಥೆರಪಿಯ ಬಾಯಿ ಗುರುವಾರ ಸಂಜೆ ಆರು ಗಂಟೆಗೆ ಬರಹೇಳಿದ್ದಾಳೆ.